ರಮಜಾನಬಿಯ ಎಪ್ಪತ್ತೊಂದನೇ ನಂಬರು

ಮುಬೀನಾಳಂಥ ಟೀಚರು ಸಿಂದಗಿಯಲ್ಲಿ ಇನ್ನೊಬ್ಬಳಿದ್ದರೆ ಕರೆದುಕೊಂಡು ಬನ್ನಿ, ನೋಡೋಣ. ಬಸ್ ಸ್ಟ್ಯಾಂಡಿನ ಎದುರು, ಮಹಡಿಯ ಮೇಲೆ ನಾಲ್ಕು ಕಂಪ್ಯೂಟರ್ ಇಟ್ಟು ನಾನು ಕ್ಲಾಸು ನಡೆಸುತ್ತಿದ್ದೆ. ಎರಡು ಸಾವಿರದ ನಾಲ್ಕರಲ್ಲಿ ಆಕೆ ಅಲ್ಲಿ ಜಾವಾ ಕಲಿಸುತ್ತಿದ್ದಳು. ಕೈಯಲ್ಲಿದ್ದದ್ದು ಝೆರಾಕ್ಸ್ ಹೊಡೆಸಿದ ಹಳೆಯ ಪುಸ್ತಕ. ಅದನ್ನೇ ಓದಿ, ಅದನ್ನೇ ಕಲಿಸಿ, ಸಂಜೆ ಟೆಂಪೋ ಹತ್ತಿ ಕನ್ನೊಳ್ಳಿಗೆ ಹೋಗುವವಳು.

ಮನೆಯಲ್ಲಿ ಇದ್ದದ್ದು ತಾಯಿಯ ತಾಯಿ ರಮಜಾನಬಿ ಒಬ್ಬಳೇ. ಮುಬೀನಾ ಆಕೆಯನ್ನು ಆಯಿ ಎನ್ನುತ್ತಿದ್ದಳು. ಊರವರ ಹಳೆ ಸೀರೆಗಳಿಂದ ಕೌದಿ ಹೊಲಿದು ಮೊಮ್ಮಗಳನ್ನು ಓದಿಸಿದ ಹೆಂಗಸು. ಬಲಗಣ್ಣು ಹೋಗಿ ವರ್ಷಗಳಾಗಿದ್ದವು. ಈಗ ಎಡಗಣ್ಣಿಗೂ ಪೊರೆ ಬಂದಿತ್ತು, ಸೂಜಿಗೆ ದಾರ ಪೋಣಿಸುವುದು ಮೊಮ್ಮಗಳ ಪಾಲಿಗೆ ಬಿದ್ದಿತ್ತು.

ಆ ವರ್ಷ ಸಿಂದಗಿಯಲ್ಲಿ ಪುಕ್ಕಟೆ ಕಣ್ಣಿನ ಆಪರೇಷನ್ ಶಿಬಿರ ಇಟ್ಟರು. ಆಪರೇಷನ್ ನಲವತ್ತೇ ಮಂದಿಗೆ, ಮೊದಲು ಹೆಸರು ಬರೆಸಿದವರಿಗೆ. ಶಿಬಿರದ ಉಸ್ತುವಾರಿ ಭೀಮಶ್ಯಾನಿಗೆ ನಾನೇ ಹೋಗಿ ಹೇಳಿದೆ, ವಹಿ ಪೆನ್ನು ಏನೂ ಬೇಡ, ನಮ್ಮ ಕಂಪ್ಯೂಟರನ್ನೇ ಗೇಟಿಗೆ ತಂದಿಡುತ್ತೇವೆ ಎಂದು. ಎಲ್ಲಿಲ್ಲದ ಶಾಣ್ಯಾತನ ನನ್ನದು!

ಶುಕ್ರವಾರ ನಸುಕಿನಲ್ಲೇ ರಮಜಾನಬಿ ಬಂದು ಗೇಟಿನ ಮುಂದೆ ಕೌದಿ ಹಾಸಿ ಕೂತಳು. ಪಾಳಿಯಲ್ಲಿ ಆಕೆಯೇ ಮೊದಲು. ಮುಬೀನಾ ಟೈಪ್ ಮಾಡಿದ ಮೊದಲ ಹೆಸರೂ ಆಕೆಯದೇ. ಆಮೇಲೆ ಶುರುವಾಯಿತು ನೋಡಿ. ನಮ್ಮ ಕಡೆ ಒಬ್ಬರ ಹೆಸರನ್ನು ಒಬ್ಬರೇ ಬರೆಸುವುದಿಲ್ಲ. ಮುದುಕ ಬರೆಸಿ ಹೋಗುತ್ತಾನೆ. ಎಲ್ಲಿ ಬಿಟ್ಟುಹೋಯಿತೋ ಎಂದು ಮಗ ಬಂದು ಬರೆಸುತ್ತಾನೆ, ಅಳಿಯ ಬರೆಸುತ್ತಾನೆ, ಬೀಗರೂ ಬಂದು ಬರೆಸುತ್ತಾರೆ. ಸಂಜೆಗೆ ಸುಮಾರು ಮುನ್ನೂರು ಹೆಸರಾದವು, ಇದ್ದ ಮಂದಿ ನೂರಾ ಹದಿನೆಂಟು.

ಮತ್ತೆ ಮತ್ತೆ ಬಂದ ಹೆಸರು ತೆಗೆಯುವುದು ಜಾವಾದಲ್ಲಿ ಎರಡು ಸಾಲಿನ ಕೆಲಸ. ಹೆಸರುಗಳು ಬಂದ ಹಾಗೇ ಅರೇ ಎಂಬ ಸಾಲಿನಲ್ಲಿ ಕೂತಿರುತ್ತವೆ. ಅವನ್ನು ಸೆಟ್‌ಗೆ ಸುರಿದರೆ, ಒಮ್ಮೆ ಬಂದ ಹೆಸರನ್ನು ಅದು ಮತ್ತೆ ಒಳಗೆ ಬಿಡುವುದಿಲ್ಲ. ಪುಸ್ತಕದಲ್ಲಿದ್ದ ಹ್ಯಾಶ್‌ಸೆಟ್ ಎಂಬ ಸೆಟ್ಟನ್ನೇ ಮುಬೀನಾ ಹಾಕಿದಳು. ಭೀಮಶ್ಯಾ ಬೆನ್ನ ಹಿಂದೆ ನಿಂತು ಅವಸರ ಮಾಡುತ್ತಿದ್ದ, ನಾನೂ ಮಾಡಿದೆ. ಪಟ್ಟಿ ಪ್ರಿಂಟಾಯಿತು, ಶಿಬಿರದ ಮುದ್ರೆಯ ಸಿಕ್ಕಾ ಬಿತ್ತು, ಗೋಡೆಗೆ ಅಂಟಿಸಿದ್ದೂ ಆಯಿತು. ಮುಬೀನಾ ಆಗ ಓದಿದಳು. ರಮಜಾನಬಿಯ ಹೆಸರು ಎಪ್ಪತ್ತೊಂದನೆಯದು.

ಶನಿವಾರ ಬೆಳಿಗ್ಗೆ ನಾನು ಬೀಗ ತೆಗೆಯುವ ಮೊದಲೇ ಆಕೆ ಮೆಟ್ಟಿಲ ಮೇಲೆ ಕೂತಿದ್ದಳು. ಸಿ.ಡಿ.ಯಲ್ಲಿದ್ದ ಜಾವಾ ಕೈಪಿಡಿ ಹುಡುಕಿ ಓದಿದಳು.

"ಸರ್, ತಪ್ಪ ನಂದ ಐತ್ರಿ. ಹ್ಯಾಶ್‌ಸೆಟ್ ಯಾರು ಮೊದಲ ಬಂದ್ರು ಅನ್ನೂದು ನೆನಪ ಇಡೂದಿಲ್ರಿ. ಲಿಂಕ್ಡ್‌ಹ್ಯಾಶ್‌ಸೆಟ್ ಅಂತ ಹೊಸಾದು ಬಂದೈತಿ, ಅದು ಬಂದ ಪಾಳಿ ಹಂಗ ಇಡತೈತಿ. ನಮ್ಮ ಪುಸ್ತಕದಾಗ ಅದು ಇಲ್ಲೇ ಇಲ್ರಿ."

ಪ್ರೋಗ್ರಾಮಿನಲ್ಲಿ ಆ ಒಂದೇ ಪದ ಬದಲಿಸಿದಳು. ಐದು ನಿಮಿಷದಲ್ಲಿ ಹೊಸ ಪಟ್ಟಿ ಬಂತು. ಅದರ ತಲೆಯ ಮೇಲೇ ರಮಜಾನಬಿ, ಕನ್ನೊಳ್ಳಿ. ಅದನ್ನು ನೋಡಿದ್ದೇ ಮುಬೀನಾಳ ಮುಖ ಸಪ್ಪಗಾಯಿತು. ಯಾಕೆಂದು ನನಗೆ ಇನ್ನೂ ತಿಳಿದಿರಲಿಲ್ಲ.

ಅದನ್ನು ಶಿಬಿರಕ್ಕೆ ಒಯ್ದೆವು. ಭೀಮಶ್ಯಾ ಎರಡೂ ಪಟ್ಟಿ ಹಿಡಿದು ನಕ್ಕ. "ಏನವಾ ತಂಗಿ, ರಾತ್ರಿ ಕಳಿಯೂದ್ರಾಗ ನಿಮ್ಮ ಆಯಿ ಒಂದನೇ ನಂಬರಿಗೆ ಬಂದ್ಲೇನು? ಭಾಳ ಶಾಣ್ಯಾಕಿ ಬಿಡು!"

"ಅಣ್ಣಾರ, ಆಕಿ ಖರೇನ ಮೊದಲ ಬಂದಾಳ್ರಿ."

"ನಾ ಬಂದದ್ದು ಹತ್ತಕ್ಕ. ನನಗೇನ ಗೊತ್ತು? ಸಿಕ್ಕಾ ಬಿದ್ದ ಪಟ್ಟಿ ಹರದ್ರ ಆ ನಲವತ್ತ ಮಂದಿ ನನ್ನ ಹರೀತಾರ."

ನಾನು ಬಾಯಿ ಹಾಕಿದೆ. "ನಿಮ್ಮ ಕ್ಲಾಸಿನಾಕಿ, ನೀವು ಹಂಗ ಅನ್ನಾವ್ರ ಬಿಡ್ರಿ" ಎಂದ ಭೀಮಶ್ಯಾ. ಟೋಕನ್ ಕೊಟ್ಟಿರಲಿಲ್ಲ, ಕಾಗದದಲ್ಲಿ ಬರೆದಿರಲಿಲ್ಲ. ಹೊರಗೆ ಬಿದ್ದವರು ಗೋಡೆ ನೋಡಿ ಸುಮ್ಮನೆ ಮನೆಗೆ ಹೋಗಿದ್ದರು. ತಪ್ಪು ಪಟ್ಟಿ ನಿಯತ್ತಿನದಾಗಿ ಕಾಣುತ್ತಿತ್ತು, ಸರಿಯಾದದ್ದು ಮೋಸದ್ದಾಗಿ. ಕಾಗದ ಬೇಡವೆಂದ ನನ್ನ ನಾಲಿಗೆಯನ್ನು ಕಚ್ಚಿ ತುಂಡು ಮಾಡಿಕೊಳ್ಳಬೇಕು ಅನಿಸಿತು. ಏನು ಮಾಡಲೂ ದಾರಿ ಇರಲಿಲ್ಲ.

ಮುದುಕಿಗೆ ಮುಬೀನಾ ಎಷ್ಟು ಹೇಳಿದರೂ ತಲೆಗೆ ಹೋಗಲಿಲ್ಲ. ಮೊಮ್ಮಗಳನ್ನೇ ಸಮಾಧಾನ ಮಾಡಿದಳು. "ಕಂಪ್ಯೂಟರ ಸುಳ್ಳ ಹೇಳತದೇನ ಹುಚ್ಚಿ? ನನ್ನ ಮುಂದ ಎಪ್ಪತ್ತ ಮಂದಿ ಕುಂತಿರಬೇಕು. ಕತ್ತಲಿತ್ತು, ಕಣ್ಣ ಬ್ಯಾರೆ ಹಿಂಗ. ನನಗ ಕಾಣಸ್ಲಿಲ್ಲ."

ಭಾನುವಾರ ನಲವತ್ತು ಮಂದಿ ಕಣ್ಣಿಗೆ ಹಸಿರು ಬಟ್ಟೆ ಕಟ್ಟಿಸಿಕೊಂಡು ಹೋದರು. ದುಡ್ಡಿನ ದವಾಖಾನೆಯ ಮಾತು ಆ ಮನೆಯಲ್ಲಿ ಎತ್ತುವಂತಿರಲಿಲ್ಲ. ಮುಂದಿನ ಶಿಬಿರ ಹನ್ನೊಂದು ತಿಂಗಳ ಮೇಲೆ, ಮುದ್ದೇಬಿಹಾಳದಲ್ಲಿ. ಅಷ್ಟು ದಿನ ಮುಬೀನಾ ಕ್ಲಾಸಿಗೆ ಬರುವ ಮುಂಚೆ ಹನ್ನೆರಡು ಸೂಜಿಗೆ ದಾರ ಪೋಣಿಸಿ ಕೌದಿಗೆ ಚುಚ್ಚಿಟ್ಟು ಬರುತ್ತಿದ್ದಳು. ದೀಪಾವಳಿಯ ಹೊತ್ತಿಗೆ ಮುದುಕಿಗೆ ಕಣ್ಣು ನೋವು ಎದ್ದಿತು. ಸಂಕ್ರಾಂತಿಗೆ ಸೂಜಿ ಕೈಬಿಟ್ಟಳು.

ಮುದ್ದೇಬಿಹಾಳಕ್ಕೆ ನಾವು ಮೂವರೂ ಹೋದೆವು. ಅಲ್ಲಿ ಟೋಕನ್ ಕೊಟ್ಟರು. ನಸುಕಿನಲ್ಲೇ ಹೋಗಿದ್ದರಿಂದ ಒಂದನೇ ನಂಬರು ರಮಜಾನಬಿಗೇ ಸಿಕ್ಕಿತು. ಡಾಕ್ಟರು ಬ್ಯಾಟರಿ ಹಿಡಿದು ನೋಡಿದರು, ಮತ್ತೊಮ್ಮೆ ನೋಡಿದರು. ಪೊರೆ ಬಲಿತು, ಕಣ್ಣಿನ ಒತ್ತಡ ಏರಿ ಒಳಗಿನ ನರ ಸತ್ತಿದೆ, ಇನ್ನು ಕೊಯ್ದು ಉಪಯೋಗವಿಲ್ಲ, ಆರು ತಿಂಗಳು ಮೊದಲಾದರೂ ಬರಬೇಕಿತ್ತು ಎಂದರು.

ಹೊರಗೆ ಕಟ್ಟೆಯ ಮೇಲೆ ಮುದುಕಿ ಕೂತಳು. ಆಮೇಲೆ ಮೊಮ್ಮಗಳ ಕೈ ತಡಕಿ ಹಿಡಿದುಕೊಂಡಳು.

"ಮುಬೀನಾ, ಈ ಸಲ ನನ್ನ ಮುಂದ ಎಷ್ಟ ಮಂದಿ ಇದ್ರವಾ?"

"ಯಾರೂ ಇರಲಿಲ್ಲ, ಆಯಿ" ಎಂದಳು ಮುಬೀನಾ. "ಆವಾಗೂ ಯಾರೂ ಇರಲಿಲ್ಲ."