ಕೋಲ್ಡ್ ಸ್ಟೋರೇಜಿಗೆ ಹಾಕಿದ ಷೇರುಗಳು

ನಾನು ಒಂದು ಕಡೆ ಕೂರುವ ಹೆಂಗಸಲ್ಲ. ರಾಣೇಬೆನ್ನೂರಿನ ನನ್ನ ಬೀಜದ ಅಂಗಡಿಯಲ್ಲಿ ಕುರ್ಚಿಗಳಿರುವುದು ಗಿರಾಕಿಗಳಿಗೆ. ನಾನು ಗಲ್ಲಾಪೆಟ್ಟಿಗೆಯ ಹಿಂದೆ ನಿಂತೇ ಇರುತ್ತೇನೆ, ಇಲ್ಲವೇ ಗೋವಿನಜೋಳದ ಬೀಜದ ಚೀಲಗಳನ್ನು ಅತ್ತಿಂದಿತ್ತ ಸುಮ್ಮನೆ ಸರಿಸುತ್ತಿರುತ್ತೇನೆ. ಇಂಥ ನನಗೆ ಅಣ್ಣ ಒಂದು ವರ್ಷ ಷೇರಿನ ರೇಟು ನೋಡಲೇಬಾರದು ಎಂದ. ನಾನು ಹೂಂ ಎಂದೆ. ಅವನ ಮಾತಿನ ಮೇಲೆ ನನಗೆ ಅಷ್ಟು ನಂಬಿಕೆ.

ಅಣ್ಣ ಬ್ಯಾಡಗಿಯಲ್ಲಿ ಮೆಣಸಿನಕಾಯಿ ವ್ಯಾಪಾರಿ. ಅಪ್ಪನೂ ಅದನ್ನೇ ಮಾಡಿದವನು. ಮೆಣಸಿನಕಾಯಿ ರೇಟು ಬಿದ್ದಾಗ ಆ ಮನೆಯಲ್ಲಿ ಯಾರೂ ಅಳುವುದಿಲ್ಲ. ಚೀಲ ಹೊಲಿಯುತ್ತಾರೆ, ಕೋಲ್ಡ್ ಸ್ಟೋರೇಜಿಗೆ ಕಳಿಸುತ್ತಾರೆ, ಆಮೇಲೆ ಆ ಮಾತೇ ಎತ್ತುವುದಿಲ್ಲ. ಪದೇ ಪದೇ ಹೋಗಿ ಚೀಲ ಬಿಚ್ಚಿ ನೋಡುವವನನ್ನು ಕಂಡರೆ ಅಪ್ಪನಿಗೆ ಆಗುತ್ತಿರಲಿಲ್ಲ. ಗಾಳಿ ತಾಗಿ ಬಣ್ಣ ಹೋಗುತ್ತದೆ, ಅದಕ್ಕಿಂತ ಮೊದಲು ಬಿಚ್ಚಿದವನ ಧೈರ್ಯ ಹೋಗುತ್ತದೆ ಎನ್ನುತ್ತಿದ್ದ.

ಷೇರಿನ ಹುಚ್ಚು ಮೊದಲು ಹತ್ತಿದ್ದು ನನಗೆ. ಅದಕ್ಕೆ ಕಾರಣ ಅಂಗಡಿ. ಮಗಳು ತೊಟ್ಟಿಲಲ್ಲಿದ್ದಾಗಿನಿಂದ ಬಾಡಿಗೆಗೆ ನಡೆಸುತ್ತಿದ್ದ ಜಾಗವನ್ನು ಮಾಲೀಕರು ಮಾರುವವರಿದ್ದರು. ಒಳ್ಳೆಯ ಮನುಷ್ಯ, ಮೊದಲು ನನ್ನನ್ನೇ ಕೇಳಿದರು. ಮುಂದಿನ ಯುಗಾದಿಯವರೆಗೆ ಕಾಯುವುದಾಗಿ ಹೇಳಿದರು. ಮೇಡ್ಲೇರಿಯಿಂದ, ಹಲಗೇರಿಯಿಂದ ಬರುವ ರೈತರಿಗೆ ನನ್ನ ಹೆಸರಿಗಿಂತ ಆ ಮೂಲೆಯ ಗುರುತೇ ಹೆಚ್ಚು. ಅದು ತಪ್ಪಿದರೆ ನಾನು ಮತ್ತೆ ಮೊದಲಿನಿಂದ ಶುರು ಮಾಡಬೇಕು, ಆ ವಯಸ್ಸು ನನ್ನದಲ್ಲ. ಕೂಡಿಟ್ಟದ್ದು ಸಾಲುತ್ತಿರಲಿಲ್ಲ.

ಆಗ ಕಣ್ಣಿಗೆ ಬಿದ್ದದ್ದು ಚಿನ್ನ ಹುಡುಕುವ ಒಂದು ಸಣ್ಣ ಕಂಪನಿ. ಅದಕ್ಕೆ ಗಣಿ ಇಲ್ಲ. ದೂರದ ಯಾವುದೋ ದೇಶದ ಗುಡ್ಡದಲ್ಲಿ ಬೋರು ಕೊರೆದು ಕಲ್ಲು ತೆಗೆದು ಪರೀಕ್ಷೆಗೆ ಕಳಿಸುವುದಷ್ಟೇ ಅದರ ಕೆಲಸ. ಸಿಕ್ಕರೆ ಚಿನ್ನ, ಸಿಗದಿದ್ದರೆ ತೂತು. ಷೇರು ಪೇಟೆ ಬಿದ್ದಿತ್ತು. ಆಭರಣದಂಗಡಿಯಲ್ಲಿ ಚಿನ್ನ ಮುಟ್ಟಲಾಗದಷ್ಟು ತುಟ್ಟಿ, ಆದರೆ ಚಿನ್ನ ಹುಡುಕುವವರ ಷೇರನ್ನು ಕೇಳುವವರೇ ಇಲ್ಲ. ವ್ಯಾಪಾರಸ್ಥರ ಮನೆಯ ಮಗಳು ನಾನು, ಇದನ್ನು ನೋಡಿ ನಿದ್ದೆಗೆಟ್ಟೆ.

ಬ್ಯಾಡಗಿಗೆ ಹೋಗಿ ಅಣ್ಣನಿಗೆ ಮೊಬೈಲಿನಲ್ಲಿ ತೋರಿಸಿದೆ. ಅವನು ಕನ್ನಡಕ ಹಣೆಗೇರಿಸಿ, ಮತ್ತೆ ಇಳಿಸಿ, ಬಹಳ ಹೊತ್ತು ನೋಡಿದ. "ಮಾಲು ಚಲೋ ಐತಿ, ಕೇಳಾವರಿಲ್ಲ. ಇದು ನಮ್ಮ ಧಂದೆನ ಅಲ್ಲೇನು?" ಎಂದ. ಇಬ್ಬರೂ ಸರಿಸಮ ಕೊಂಡೆವು. ಕೊಂಡ ಮೇಲೆ ಅವನ ಅಂಗಡಿಯಲ್ಲಿ ಚಹಾ ಕುಡಿಯುತ್ತ, ಎದುರಾ ಬದುರಾ ಕುಳಿತು, ಇಬ್ಬರೂ ಮೊಬೈಲಿನಿಂದ ಷೇರಿನ ಆ್ಯಪ್ ತೆಗೆದುಹಾಕಿದೆವು. "ಸ್ಟೋರೇಜಿಗೆ ಹಾಕಿದ್ವಿ ಅಂತ ತಿಳಕೋ. ಯುಗಾದಿತನಕ ಚೀಲ ಬಿಚ್ಚಬ್ಯಾಡ, ತಂಗೆವ್ವಾ. ನಾನೂ ಬಿಚ್ಚಂಗಿಲ್ಲ."

ಆ ವರ್ಷ ನಾನು ಪಟ್ಟ ಪಾಡು ನನಗೇ ಗೊತ್ತು. ಗಿರಾಕಿ ಹತ್ತಿಬೀಜ ಕೇಳಿದರೆ ಸೌತೆಬೀಜ ಕೊಟ್ಟು ಕಳಿಸಿದ್ದೇನೆ. ಮಳೆಗಾಲದಲ್ಲಿ ಅಂಗಡಿ ತುಂಬಿದಾಗಲೂ ಕೈ ತಾನಾಗಿ ಮೊಬೈಲಿನ ಕಡೆ ಹೋಗುತ್ತಿತ್ತು, ಎತ್ತಿ ಮತ್ತೆ ಬೋರಲು ಹಾಕುತ್ತಿದ್ದೆ. ಕುಮಾರಪಟ್ಟಣದ ಕಾರ್ಖಾನೆಯಿಂದ ಪಾಳಿ ಮುಗಿಸಿ ಬಂದ ನನ್ನ ಯಜಮಾನರು, "ಅದೇನ್ ಮೊಬೈಲೋ ಕಾದ ತವಾನೋ? ಮುಟ್ಟಿದ ಕೂಡಲೇ ಕೈ ಹಿಂದ ತಗೀತಿ" ಎಂದು ನಗುತ್ತಿದ್ದರು. ನನಗೆ ನಗು ಬರುತ್ತಿರಲಿಲ್ಲ.

ಆ್ಯಪ್ ತೆಗೆದರೂ ಕಂಪನಿಯ ಇಮೇಲುಗಳು ಬರುತ್ತಿದ್ದವು. ಶ್ರಾವಣದಲ್ಲಿ ಒಂದು ಬಂತು. ಬೋರು ಕೊರೆಯುವ ದುಡ್ಡು ಮುಗಿದಿದೆ, ಹೊಸ ಷೇರುಗಳನ್ನು ಇನ್ನೂ ಕಡಿಮೆ ರೇಟಿಗೆ ಕೊಡುತ್ತೇವೆ, ಹಳೆಯ ಷೇರುದಾರರು ಬೇಕಾದರೆ ಕೊಳ್ಳಬಹುದು ಎಂದಿತ್ತು. ಕೊಳ್ಳಲು ನನ್ನಲ್ಲಿ ಏನೂ ಉಳಿದಿರಲಿಲ್ಲ. ಅಣ್ಣನಿಗೆ ಫೋನ್ ಮಾಡಿದರೆ, "ಮತ್ತ ಚೀಲದ ಬಾಯಿಗೆ ಕೈ ಹಾಕಿದಿ?" ಎಂದು ರೇಗಿದ. ಚಳಿಗಾಲದ ಕೊನೆಗೆ ಇನ್ನೊಂದು ಬಂತು. ಈ ಸಲ ಹೊಸ ಷೇರುಗಳು ಹೊರಗಿನ ಯಾರಿಗೋ ಹೋಗಿದ್ದವು.

ಅಂದು ಮಧ್ಯಾಹ್ನ ಗೋವಿನಜೋಳದ ಬೀಜದ ಚೀಲಗಳ ಮುಂದೆ ನಿಂತಾಗ ನನಗೆ ವಿಷಯ ತಿಳಿಯಿತು. ಕೋಲ್ಡ್ ಸ್ಟೋರೇಜಿನಲ್ಲಿ ನಮ್ಮ ಚೀಲ ನಮ್ಮದಾಗಿಯೇ ಇರುತ್ತದೆ. ರೇಟು ಏರುವವರೆಗೆ ಅದು ಬಾಡಿಗೆ ತಿನ್ನುತ್ತದೆ, ಅಷ್ಟೇ. ಈ ಕಂಪನಿಗೆ ಆದಾಯವಿಲ್ಲ, ಕೊರೆಯದಿದ್ದರೆ ಕೆಲಸವಿಲ್ಲ, ಕೊರೆಯಬೇಕೆಂದರೆ ಪ್ರತಿ ಸಲವೂ ಹೊಸ ಷೇರು ಮಾರಬೇಕು, ಅದೂ ಪೇಟೆ ಬಿದ್ದಾಗ ಸಿಕ್ಕಷ್ಟಕ್ಕೆ. ಮಾರಿದಷ್ಟೂ ನಮ್ಮ ಪಾಲು ಕರಗುತ್ತದೆ. ನಾಳೆ ಚಿನ್ನ ಸಿಕ್ಕರೂ ಪಾಲು ಕೇಳುವವರು ಸಾಲುಗಟ್ಟಿ ನಿಂತಿರುತ್ತಾರೆ. ನಾವು ಅಣ್ಣತಂಗಿ ಮೆಣಸಿನಕಾಯಿಯ ಬುದ್ಧಿಯನ್ನು ಮೆಣಸಿನಕಾಯಿ ಅಲ್ಲದ್ದಕ್ಕೆ ಬಳಸಿ ಕುಳಿತಿದ್ದೆವು.

ಅದೇ ವಾರ ಮಾಲೀಕರು ಬಂದು ಕುರ್ಚಿಯ ತುದಿಯಲ್ಲಿ ಕುಳಿತರು. "ಅಕ್ಕಾರ, ಯುಗಾದಿ ಬಂತ್ರಿ. ಈ ಜಾಗ ಕೇಳಾಕತ್ತಿರೋ ಮೊಬೈಲ್ ಅಂಗಡಿಯವ್ರು ಬಿಡವಲ್ರು" ಎಂದರು. ಷೇರು ಮಾರಿಬಿಡಬೇಕು ಅನಿಸಿತು. ಆದರೆ ಅಣ್ಣನಿಗೆ ಹೇಳದೆ ಮಾರಲು ಮನಸ್ಸು ಬರಲಿಲ್ಲ. ಇಬ್ಬರೂ ಕೂಡಿ ಹಾಕಿದ್ದನ್ನು ಕೂಡಿಯೇ ತೆಗೆಯೋಣ ಎಂದುಕೊಂಡು ಮರುದಿನ ಬ್ಯಾಡಗಿಯ ಬಸ್ಸು ಹತ್ತಿದೆ.

ಗುರುವಾರದ ಪೇಟೆ. ಅಂಗಳದ ತುಂಬ ಕೆಂಪು ರಾಶಿಗಳು, ಬಾಯಿಗೆ ಟವೆಲ್ ಕಟ್ಟಿಕೊಂಡ ಜನ. ಅಣ್ಣ ಒಂದು ರಾಶಿಯ ಪಕ್ಕ ಕುಕ್ಕರಗಾಲಲ್ಲಿ ಕುಳಿತು ಕಾಯಿಯ ತೊಟ್ಟು ಮುರಿಯುತ್ತಿದ್ದ. ನಿಂತಲ್ಲೇ ಎಲ್ಲ ಹೇಳಿದೆ. ಮೊಬೈಲ್ ತೆಗಿ, ಇಬ್ಬರೂ ಇವತ್ತೇ ಮಾರೋಣ ಎಂದೆ.

ಅವನು ತಲೆ ಎತ್ತಲಿಲ್ಲ. "ನನ್ನವು ಇಲ್ಲ," ಎಂದ. "ಮಳಿಗಾಲದಾಗ ಮಾರೇನಿ."

ನನಗೆ ಮೊದಲು ಅರ್ಥವೇ ಆಗಲಿಲ್ಲ. ಶ್ರಾವಣದಲ್ಲಿ ಫೋನಿನಲ್ಲಿ ರೇಗಿದವನು ಇವನೇ.

"ಮತ್ತ ನನಗ ಬಿಚ್ಚಬ್ಯಾಡ ಅಂದಿ?"

"ಅರ್ಧ ಮಾರೋದು, ಅರ್ಧ ಇಟ್ಕೊಳ್ಳೋದು. ಅಪ್ಪ ಹಂಗ ಅಲ್ಲೇನು ಮಾಡತಿದ್ದ?" ಎಂದ.

ಅದು ನಿಜ. ಅಪ್ಪ ಎಂದೂ ಇಡೀ ಮಾಲನ್ನು ಸ್ಟೋರೇಜಿಗೆ ಹಾಕಿದವನಲ್ಲ. ಬಂದದ್ದರಲ್ಲಿ ಅರ್ಧ ಅಂದಿನ ರೇಟಿಗೇ ಕೊಟ್ಟುಬಿಡುತ್ತಿದ್ದ. ಮುಂದೆ ರೇಟು ಬಿದ್ದರೆ ಮಾರಿದ್ದು ಮನೆಯನ್ನು ಕಾಯುತ್ತಿತ್ತು, ಏರಿದರೆ ಇಟ್ಟದ್ದು ಕಾಯುತ್ತಿತ್ತು. ಅಣ್ಣ ಅದನ್ನೇ ಮಾಡಿದ್ದ. ತನ್ನದು ಮಾರುವ ಅರ್ಧ, ನನ್ನದು ಇಟ್ಟುಕೊಳ್ಳುವ ಅರ್ಧ.

"ನನಗ ಒಂದ್ ಮಾತು ಯಾಕ ಹೇಳ್ಲಿಲ್ಲ?"

"ಹೇಳಿದ್ರ ನೀನೂ ಮಾರತಿದ್ದಿ. ಮತ್ತ ಮನ್ಯಾಗ ಯಾರ ಕಡೆ ಉಳೀತಿತ್ತು?"

ಬಂದ ದುಡ್ಡು ಎಲ್ಲಿ ಎಂದು ಕೇಳಿದೆ. ಮೆಣಸಿನಕಾಯಿಗೆ ಹಾಕಿದ್ದಾನಂತೆ. ಈ ವರ್ಷ ಅದರ ರೇಟೂ ಬಿದ್ದು, ಎಲ್ಲ ಚೀಲಗಳೂ ಸ್ಟೋರೇಜಿನಲ್ಲಿದ್ದವು.

ಸಿಟ್ಟು ನೆತ್ತಿಗೇರಿತು. ಅದರ ಬೆನ್ನಿಗೇ ಅವನಾಡಿದ ಒಂದು ಮಾತು ಚುಚ್ಚಿತು. 'ಮನ್ಯಾಗ' ಎಂದನಲ್ಲ ಇವನು. ನಾನು ಆ ಮನೆಯಿಂದ ಮದುವೆಯಾಗಿ ಹೊರಬಿದ್ದು ನನ್ನ ಮಗಳ ಮದುವೆಯ ಮಾತೂ ಬರುವಷ್ಟು ಕಾಲವಾಗಿದೆ. ಆಸ್ತಿ ಪಾಲಾದಾಗ ನನಗೇನೂ ಬೇಡವೆಂದು ಸಹಿ ಹಾಕಿ ಬಂದವಳು. ಆದರೂ ಅವನ ಲೆಕ್ಕದಲ್ಲಿ ನಾವಿಬ್ಬರೂ ಒಂದೇ ಗಲ್ಲಾಪೆಟ್ಟಿಗೆ. ಮೋಸ ಮಾಡಿದ್ದರೆ ಬೈದು ಹಗುರಾಗುತ್ತಿದ್ದೆ. ಇವನು ನನ್ನನ್ನು ತನ್ನವಳು ಎಂದುಕೊಂಡೇ ಮುಳುಗಿಸಿದ್ದ.

"ಅಣ್ಣಾ, ನಾವು ಬ್ಯಾರೆ ಬ್ಯಾರೆ ಮನಿಯವ್ರು," ಎಂದೆ.

"ಯಾವಾಗ ಬ್ಯಾರೆ ಆದ್ವಿ?" ಎಂದು ಕೇಳಿದ. ಅವನಿಗೆ ನಿಜಕ್ಕೂ ತಿಳಿದಿರಲಿಲ್ಲ, ಮುಖ ನೋಡಿದರೆ ಗೊತ್ತಾಗುತ್ತಿತ್ತು.

"ಯುಗಾದಿಗೆ ನನ್ನ ಅಂಗಡಿ ಕೈಬಿಟ್ಟು ಹೋಗತೈತಿ. ಆ ಲುಕ್ಸಾನದಾಗ ನಿನ್ನ ಅರ್ಧ ಯಾವುದು, ಅದನ್ನ ಹೇಳು."

ಅಣ್ಣ ಎದ್ದು ನಿಂತ. ಕೈಯಲ್ಲಿದ್ದ ಕಾಯಿಗಳನ್ನು ಎಲ್ಲಿಡಬೇಕೋ ತಿಳಿಯದೆ ಜೇಬಿಗೆ ಹಾಕಿಕೊಂಡ. ಊಟ ಮಾಡಿಕೊಂಡು ಹೋಗು ಎಂದ.