ನಡುಗುವ ಮೋಟಾರು, ಅಲುಗಬಾರದ ತಲೆ

...ಮಂಗಳವಾರವೇ ಇರಬೇಕು. ಅಥವಾ ಬುಧವಾರ. ಮೋಟಾರಿನ ನಡುಕ ಕುಲಗೋಡ ದಾಟುತ್ತಲೇ ಶುರುವಾಯಿತು ಎನ್ನುತ್ತೇನೆ ನಾನು. ಗೋಕಾಕ ಬಿಟ್ಟ ಮೇಲೆ ಎನ್ನುತ್ತಾರೆ ನನ್ನ ಕಾಕಾ. ಒಂದೇ ಮೋಟಾರಿನಲ್ಲಿ ಕೂತಿದ್ದೆವು, ಹೋದ ತಿಂಗಳ ಮಾತು, ಆಗಲೇ ಎರಡು ಕಥೆ! ನೆನಪನ್ನು ನಂಬಿ ಕೋರ್ಟಿನಲ್ಲಿ ಸಾಕ್ಷಿ ಹೇಳುವವರ ಧೈರ್ಯ ಮೆಚ್ಚಬೇಕು.

ನಡುಗಿದ್ದು ಮಾತ್ರ ಖರೆ.

ಹುಕ್ಕೇರಿಯಲ್ಲಿ ಕಣ್ಣಿನ ಪೊರೆ ತೆಗೆಸಿಕೊಂಡ ಕಾಕಾನ ಹೆಂಡತಿ, ನನ್ನ ಕಾಕುವನ್ನು ಮನೆಗೆ ಕರೆತರಲು ಹೊರಟಿದ್ದೆವು. ತಲೆ ಅಲುಗಬಾರದು, ಅಲುಗಿದರೆ ಕಣ್ಣು ಹೋದಂತೆ ಎಂದಿದ್ದರು ಡಾಕ್ಟರು. ಕುಲುಕುವ ಎತ್ತಿನ ಚಕ್ಕಡಿ ಬೇಡವೆಂದೇ ಕಾಕಾ ಮೋಟಾರು ತೆಗೆದದ್ದು. ಯುದ್ಧದ ಪೆಟ್ರೋಲ್ ರೇಶನ್ನಿನಿಂದ ತಿಂಗಳುಗಟ್ಟಲೆ ಕೊಟ್ಟಿಗೆಯಲ್ಲಿ ನಿಂತಿದ್ದ ಅದು, ವೇಗ ಹಿಡಿದೊಡನೆ ಚಳಿಜ್ವರ ಬಂದಂತೆ ನಡುಗತೊಡಗಿತು.

"ರಸ್ತಾ ಹದಗೆಟ್ಟೈತ್ರಿ ಸಾವ್ಕಾರ್ರ," ಎಂದ ಡ್ರೈವರ್ ಹುಸೇನಿ.

"ರಸ್ತಾ ನನ್ನ ಮದಿವ್ಯಾಗೂ ಹಿಂಗ ಇತ್ತೋ. ಸ್ಟೇರಿಂಗ್ ನೋಡ ಮೊದಲ," ಎಂದರು ಕಾಕಾ.

ನನಗೆ ಎಂಜಿನ್ ಮೇಲೆ ಅನುಮಾನ. (ಎಂಜಿನ್ ಬಗ್ಗೆ ನನಗೆ ಗೊತ್ತಿರುವುದು ಅದು ಮುಂದಿರುತ್ತದೆ ಎಂಬುದಷ್ಟೇ.) ರೋಗ ತಿಳಿಯುವ ಮೊದಲೇ ನಮಗೆಲ್ಲ ಔಷಧ ತಿಳಿದಿರುತ್ತದೆ, ಅಲ್ಲವೇ?

ಘೋಡಗೇರಿಯ ಬಳಿ ನಿಲ್ಲಿಸಿದೆವು.

"ಹುಸೇನಿ, ಖರೆ ಹೇಳು. ನಡಗೂದು ನಿನ್ನ ಕೈಯೋ, ಕುಂಡಿಯೋ?" ಎಂದು ಕೇಳಿದರು ಕಾಕಾ.

"ಕೈ ಗಟ್ಟಿ ಅದಾವ್ರಿ. ಕುಂಡೀನ."

ಕೈ ನಡುಗಿದರೆ ಮುಂದಿನ ಗಾಲಿ, ಕೂತಲ್ಲಿ ನಡುಗಿದರೆ ಹಿಂದಿನದು. ಎಂಜಿನ್ ಬಂದ್ ಮಾಡಿ ಇಳಿಜಾರಿನಲ್ಲಿ ಬಿಟ್ಟು ನೋಡಿದೆವು. ಆಗಲೂ ನಡುಗಿತು. ನನ್ನ ಎಂಜಿನ್ ನಿರ್ದೋಷಿ.

ಜಾಕ್ ಕೊಟ್ಟು ಹಿಂದಿನ ಗಾಲಿ ಎತ್ತಿದೆವು. ಟೈರಿಗೆ ತಾಗುವಂತೆ ನೆಲಕ್ಕೊಂದು ಕಡ್ಡಿ ನೆಟ್ಟು ಮೆಲ್ಲಗೆ ತಿರುಗಿಸಿದೆವು. ಎಡಗಾಲಿ ಕಡ್ಡಿಯನ್ನು ಸವರಿಕೊಂಡೇ ತಿರುಗಿತು. ಬಲಗಾಲಿ ಒಂದು ಕಡೆ ಬೆರಳಗಲ ದೂರ ಸರಿಯಿತು. ದುಂಡಗಿರಬೇಕಾದ್ದು ಅಲ್ಲಿ ಚಪ್ಪಟೆ! ಗಾಳಿ ಸರಿಯಿದೆ, ರಿಮ್ ಸೊಟ್ಟಗಾಗಿಲ್ಲ. ಮತ್ತೆ ಯಾಕೆ?

ಆ ಗಾಲಿ ಬಿಚ್ಚಿ ಸ್ಟೆಪ್ನಿ ಹಾಕಿದೆವು. ಕುಲುಕು ಎಷ್ಟೆಂದು ಅಳೆಯಲು, ಕಾಕು ತಲೆ ಇಡಬೇಕಾದ ಸೀಟಿನ ಮೇಲೆ ಕಂಠಮಟ್ಟ ನೀರು ತುಂಬಿದ ತಂಬಿಗೆ ಇಟ್ಟು ಹುಕ್ಕೇರಿ ಮುಟ್ಟಿದೆವು. ಸ್ವಲ್ಪವೇ ಚೆಲ್ಲಿತ್ತು. ಗಾಲಿ ಬದಲಾದದ್ದಕ್ಕೋ, ಹುಸೇನಿ ಹೆದರಿ ನಿಧಾನ ಹೊಡೆದದ್ದಕ್ಕೋ?

ಎರಡೂ ಕಣ್ಣಿಗೆ ಪಟ್ಟಿ ಕಟ್ಟಿದ್ದ ಕಾಕು ಒಳಗೆ ಮಲಗುತ್ತಲೇ ಮೂಗರಳಿಸಿದರು.

"ಏನ್ರಿ, ಮೋಟಾರಿನ್ಯಾಗ ಬೆಲ್ಲದ ವಾಸನಿ ಬರಾಕತ್ತೈತಿ?"

ಕಾಕಾ ಕೆಮ್ಮಿದರು. "ಮಳಿಗಾಲದಾಗ ಬೆಲ್ಲದ ಪೆಂಟಿ ಬೆವರತಾವಂತ ಒಳಗ ಪೇರಿಸಿ ಇಟ್ಟಿದ್ನಿ. ಗಾಜು ಏರಿಸಿದ್ರ ಥಂಡಿ ಹತ್ತೂದಿಲ್ಲ..."

"ಯಾವ ಬಾಜೂ?"

"ಬಲಕ."

"ನಾ ಕುಂತ್ರ ಟೈರ್ ಸವೀತಾವ ಅಂತಿದ್ರಿ. ಬೆಲ್ಲಕ್ಕ ಏನೂ ಅನ್ನಲಿಲ್ಲಾ?"

ಮಳೆಗಾಲವಿಡೀ ಬೆಲ್ಲದ ಅಚ್ಚುಗಳ ಭಾರ ಹೊತ್ತು, ಒಂದೇ ಜಾಗದಲ್ಲಿ, ಒಂದೇ ಮಗ್ಗುಲಿಗೆ ನಿಂತ ಗಾಲಿ ಚಪ್ಪಟೆಯಾಗದೆ ಏನಾದೀತು? ಆದರೂ ಇಷ್ಟು ಚೆನ್ನಾಗಿ ಹೊಂದಿಕೊಳ್ಳುವ ಕಾರಣಗಳ ಮೇಲೆ ನನಗೆ ಯಾವಾಗಲೂ ಸಂಶಯ.

ಕಾಕಾ ದಾರಿಯುದ್ದಕ್ಕೂ ಎರಡೂ ಅಂಗೈಗಳಲ್ಲಿ ಕಾಕುವಿನ ತಲೆ ಹಿಡಿದು ಕೂತಿದ್ದರು.

ಹೋದ ವಾರ ಪಟ್ಟಿ ಬಿಚ್ಚಿದರು. ಕಾಕು ಮೊದಲು ಕಂಡದ್ದು ನನ್ನ ಅಂಗಿಯ ಹರಿದ ತೋಳು, ಬೈದರು. ನಮಗೆಲ್ಲ ಜೀವ ಬಂತು. ಆದರೆ ಪೊರೆ ತೆಗೆಸಿದ ಕಣ್ಣಿನ ಮೂಲೆಯಲ್ಲಿ ಒಂದಿಷ್ಟು ಮಂಜು ಉಳಿದಿದೆಯಂತೆ. ಮೋಟಾರು ಕುಲುಕಿದ್ದಕ್ಕೋ, ಮೊದಲಿನಿಂದಲೂ ಇತ್ತೋ?

ಡಾಕ್ಟರಿಗೆ ಗೊತ್ತಿಲ್ಲ. ನನಗೂ ಗೊತ್ತಿಲ್ಲ.