ಮೇಲಿನ ಮನೆಯವರ ಇನ್ನೊಂದು ಹೆಸರು

ಮಕ್ಕಳೇ, ಈ ಸಂಗತಿಯನ್ನು ನಿಮ್ಮ ಅಜ್ಜನಿಗೂ ನಾನು ಹೇಳಿರಲಿಲ್ಲ.

ತೊಂಬತ್ತರ ದಶಕದ ಮೊದಲಲ್ಲಿ ನಾವು ಇಂಗ್ಲಿಷರ ನಾಡಿನ ಸೌತ್‌ಹಾಲ್‌ನಲ್ಲಿ ಬಾಡಿಗೆಗಿದ್ದೆವು. ಕೆಳಗೆ ನಾವು, ಮೇಲೆ ಒಬ್ಬರೇ ಇದ್ದ ಬಲ್ಗೇರಿಯಾದ ಮುದುಕರು. ಬೀದಿ ಬಾಗಿಲು ಒಂದೇ, ಪೋಸ್ಟ್‌ಮನ್ ಹಾಕಿದ್ದೆಲ್ಲ ಒಂದೇ ಕಾಲೊರಸಿನ ಮೇಲೆ ಬೀಳುತ್ತಿತ್ತು. ವಿಂಗಡಿಸಿಡುವುದು ಹೆಚ್ಚಾಗಿ ನಾನೇ. ಅವರ ಬೆಲ್ಲಿನ ಪಕ್ಕ ‘ಜಾನ್’ ಎಂದಷ್ಟೇ ಬರೆದಿತ್ತು.

ಒಂದು ದಿನ ‘ಇವಾನ್’ ಎಂಬವರಿಗೆ ಪರದೇಶದ ಲಕೋಟೆ ಬಂತು. “ನಮ್ಮದಲ್ಲದ ಪತ್ರ ಬಂದರ ಹಿಂಗ ಬರದು ಡಬ್ಬಿಗೆ ಹಾಕಿಬಿಡು” ಎಂದು ನಿಮ್ಮ ಅಜ್ಜ ಒಂದು ಇಂಗ್ಲಿಷ್ ಸಾಲು ಕಲಿಸಿದ್ದರು: ಈ ಹೆಸರಿನವರು ಇಲ್ಲಿಲ್ಲ. ಹಳ್ಳಿ ಶಾಲೆಯಲ್ಲಿ ಓದಿದ ನನಗೆ ಅದೇ ದೊಡ್ಡ ಹೆಮ್ಮೆ. ಅಕ್ಷರ ಗುಂಡಗೆ ಬರಲೆಂದು ನಿಧಾನವಾಗಿ ಬರೆದು ಕೆಂಪು ಡಬ್ಬಿಗೆ ಹಾಕಿ ಬಂದೆ. ಮೇಲೆ ಹೋಗಿ ಒಂದು ಮಾತು ಕೇಳಬಹುದಿತ್ತು. ಇಂಗ್ಲಿಷ್ ಮಾತಾಡಲು ಸಂಕೋಚ.

ಕೆಲವು ವಾರಗಳ ಮೇಲೆ ಅವರೇ ಬಾಗಿಲು ತಟ್ಟಿದರು.

“ನನ್ನ ಅಕ್ಕನ ಪತ್ರ ಬಂತೇ? ಮನೆ ಬದಲಿಸಿದ್ದಾಳೆ. ಹೊಸ ವಿಳಾಸ ಬರೆಯುತ್ತೇನೆ ಎಂದಿದ್ದಳು.”

ಇಲ್ಲವೆಂದು ತಲೆಯಾಡಿಸಿದೆ.

“ಅವಳಿಗೆ ನಾನು ಈಗಲೂ ಇವಾನ್” ಎಂದು ನಕ್ಕರು. ಹೋಟೆಲಿನ ಅಡುಗೆಯವರಾಗಿ ದೇಶ ದೇಶ ಸುತ್ತಿದವರಂತೆ. ಜರ್ಮನಿಯಲ್ಲಿ ಯೋಹಾನ್, ಇಟಲಿಯಲ್ಲಿ ಜೊವಾನ್ನಿ, ಸ್ಪೇನಿನಲ್ಲಿ ಹುವಾನ್, ಇಲ್ಲಿ ಜಾನ್. “ಎಲ್ಲ ಒಂದೇ ಹೆಸರು. ಮೂಲ ಹೀಬ್ರೂ. ದೇವರು ಕರುಣೆ ತೋರಿದ ಎಂದರ್ಥ.”

ಆ ಲಕೋಟೆ ತಿರುಗಿ ಕಳಿಸಿದ್ದನ್ನು ಹೇಳಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಅವರು ಕೋಟಿನ ಜೇಬಿನಿಂದ ಒಂದು ಪತ್ರ ತೆಗೆದರು. “ಬೆಳಿಗ್ಗೆ ಕೆಳಗೆ ಬಿದ್ದಿತ್ತು. ನಿಮ್ಮದು ತಾನೆ?”

ನನ್ನ ಅವ್ವನ ಪತ್ರ. ಮದುವೆಯಲ್ಲಿ ತಾಟಿನ ಅಕ್ಕಿಯ ಮೇಲೆ ಉಂಗುರದಿಂದ ಬರೆದು ನನಗೆ ಹೊಸ ಹೆಸರಿಟ್ಟಿದ್ದರು. ಅವ್ವ ಮಾತ್ರ ತವರಿನ ಹೆಸರನ್ನೇ ಬರೆಯುತ್ತಿದ್ದಳು. ಆ ಹೆಸರು ನಮ್ಮ ಬಾಗಿಲ ಮೇಲೆ ಇರಲಿಲ್ಲ.

“ಹೆಸರು ಬೇರೆ ಇದೆ. ಆದರೆ ಇಂಡಿಯಾದ ಅಂಚೆಚೀಟಿ. ನಿಮಗಲ್ಲದೆ ನನಗೆ ಬರುತ್ತದೆಯೇ!”

ಥ್ಯಾಂಕ್ಯೂ ಎಂದೆ. ಅಷ್ಟೇ ಹೇಳಿ ಬಾಗಿಲು ಹಾಕಿಕೊಂಡೆ.

ಲಕೋಟೆ ತಿರುಗಿ ಹೋಗಿ, ನನ್ನ ಗುಂಡನೆಯ ಅಕ್ಷರ ಓದಿ, ಆ ಅಕ್ಕ ಏನೆಂದುಕೊಂಡಳೋ. ಮತ್ತೆ ಬರೆಯಲಿಲ್ಲ. ಅವರು ಆ ಮನೆ ಬಿಡುವವರೆಗೂ ದಿನಾ ಬೆಳಿಗ್ಗೆ ಮೆಟ್ಟಿಲಿಳಿದು ಬಂದು ಕಾಲೊರಸಿನ ಹತ್ತಿರ ನಿಲ್ಲುತ್ತಿದ್ದರು. ಸಪ್ಪಳ ಕೇಳುತ್ತಿತ್ತು. ಅವರು ತಿರುಗಿ ಮೇಲೆ ಹತ್ತುವ ತನಕ ನಾನು ಅಡುಗೆಮನೆಯಿಂದ ಹೊರಗೆ ಬರುತ್ತಿರಲಿಲ್ಲ.